ಎಡತುದಿಗೆ ನಿಂತವರ ಹೆಸರು

ಅಕ್ಕಲಕೋಟದಲ್ಲಿ ನನ್ನದು ಫೋಟೊ ಫ್ರೇಮಿನ ಅಂಗಡಿ. ದರ್ಶನಕ್ಕೆ ಬಂದವರು ಸ್ವಾಮಿಗಳ ಪಟ ಒಯ್ಯುತ್ತಾರೆ, ಊರವರು ತೀರಿಕೊಂಡವರ ಪಟ ತರುತ್ತಾರೆ. ಈ ಎರಡರ ಮೇಲೆಯೇ ನನ್ನ ಸಂಸಾರ ನಡೆದಿದೆ. ತೀರಿಕೊಂಡವರ ಪಟವಾದರೆ ಕೆಳಗಿನ ಪಟ್ಟಿಯ ಮೇಲೆ ಹೆಸರು ಬರೆಯುವ ಕೆಲಸವೂ ನನ್ನದೇ. ನಮ್ಮ ಕಡೆ ಮರಾಠಿ ರೂಢಿ. ಸತ್ತವರ ಹೆಸರಿನ ಮೊದಲಿಗೆ ‘ಕೈ.’ ಎಂದು ಹಾಕುತ್ತೇವೆ, ಕೈಲಾಸವಾಸಿ ಎಂದು. ಬಿಳಿ ಬಣ್ಣದಲ್ಲಿ, ಸಣ್ಣ ಕುಂಚದಲ್ಲಿ, ಅರ್ಧ ಊರಿಗೆ ನಾನು ಆ ‘ಕೈ.’ ಬರೆದು ಕೊಟ್ಟಿದ್ದೇನೆ.

ನಮ್ಮ ಮನೆಯಲ್ಲಿ ಮಾತ್ರ ಅಂಥ ಪಟ ಇರಲಿಲ್ಲ. ಅಪ್ಪನದೊಂದು ಫೋಟೊ ಎಲ್ಲೂ ಇಲ್ಲ ಎಂದೇ ನಾವು ತಿಳಿದಿದ್ದೆವು. ಹಿರಿಯರ ಪೂಜೆಯ ಅಮಾವಾಸ್ಯೆಗೆ ಬೇರೆಯವರು ಪಟ ಇಟ್ಟು ಹಾರ ಹಾಕಿದರೆ, ಅವ್ವ ಅಪ್ಪ ತಲೆಗೆ ಸುತ್ತುತ್ತಿದ್ದ ರುಮಾಲನ್ನು ಮಡಿಚಿ ಮಣೆಯ ಮೇಲೆ ಇಡುತ್ತಿದ್ದಳು. ಅದಕ್ಕೇ ವಿಭೂತಿ, ಅದಕ್ಕೇ ಹೂವು. ಒಗೆದೊಗೆದು ಅದರ ಕೆಂಪು ಹೋಗಿ ಮಣ್ಣಿನ ಬಣ್ಣಕ್ಕೆ ಬಂದಿತ್ತು.

ನಮ್ಮ ಮೂಲ ವಾಗದರಿ. ಹೊಲ ಇತ್ತು. ದೊಡ್ಡಪ್ಪ ಹೊಲ ನೋಡಿಕೊಂಡರೆ, ಅಪ್ಪ ಸೊಲ್ಲಾಪುರದ ಒಂದು ಕಾಲೇಜಿನಲ್ಲಿ ಗಂಟೆ ಹೊಡೆಯುವ ಜವಾನನಾಗಿದ್ದ. ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಬಂದ ದಿನವೂ ಸುಮ್ಮನೆ ಕೂಡದೆ ಹೊಲಕ್ಕೆ ಹೋಗುತ್ತಿದ್ದ. ಊಟಕ್ಕೆ ಅವನನ್ನು ಕರೆಯಬೇಕಾದರೆ ಅವ್ವ ಬದುವಿನ ಮೇಲೆ ನಿಂತು ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ನಾನೋ, ಅವಳ ಸೆರಗು ಹಿಡಿದುಕೊಂಡು ಪಕ್ಕದಲ್ಲೇ ಇರುತ್ತಿದ್ದೆ. ಆ ಕೂಗು ನನಗಲ್ಲ ಎಂದು ನನಗೂ ಗೊತ್ತಿತ್ತು, ಆ ತುದಿಯಲ್ಲಿ ಕುಂಟೆ ಬಿಟ್ಟು ತಲೆಯೆತ್ತುವ ಅಪ್ಪನಿಗೂ ಗೊತ್ತಿತ್ತು. ಗಂಡನ ಹೆಸರು ಬಾಯಲ್ಲಿ ತರಬಾರದು. ಮದುವೆ ಮುಂಜಿಯಲ್ಲಿ ಹೆಂಗಸರೆಲ್ಲ ಕೂಡಿ ಒತ್ತಾಯ ಮಾಡಿದರೆ ಒಡಪು ಕಟ್ಟಿ, ಪದ್ಯದೊಳಗೆ ಅಡಗಿಸಿ ಹೇಳಬಹುದು. ಅಷ್ಟೇ.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ಅಪ್ಪ ಜ್ವರ ಬಂದು ಹೋದ. ಸಾಲಿ ಅಲ್ಲಿಗೆ ನಿಂತಿತು. ಕಾಲೇಜಿನವರ ಹತ್ತಿರ ಹೋಗಿ ಅಳುವುದು ಬೇಡ ಎಂದು ಅವ್ವ ಹೇಳಿದಳು, ನಾನೂ ಹೋಗಲಿಲ್ಲ. ಅಕ್ಕಲಕೋಟದ ಒಂದು ಫ್ರೇಮಿನ ಅಂಗಡಿಯಲ್ಲಿ ಗಾಜು ಒರೆಸುವ ಕೆಲಸಕ್ಕೆ ನಿಂತೆ. ಮುಂದೆ ಅದೇ ಬೀದಿಯಲ್ಲಿ ನನ್ನದೇ ಬೋರ್ಡು ಹಾಕಿದೆ. ಯಾರ ಮುಂದೆಯೂ ಕೈ ಒಡ್ಡಿದವನಲ್ಲ ನಾನು. ಇದನ್ನು ಇವತ್ತೂ ಎದೆ ತಟ್ಟಿ ಹೇಳುತ್ತೇನೆ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಆ ಕಾಲೇಜಿನಿಂದಲೇ ಕರೆ ಬಂತು. ಅವರ ಹಳೆಯ ಸಂಗ್ರಹದಲ್ಲಿ ಗುಂಪಿನ ಫೋಟೊಗಳು, ನಾಟಕದ ಕಾರ್ಯಕ್ರಮ ಪತ್ರಿಕೆಗಳು, ಒಣಗಿಸಿ ಅಂಟಿಸಿದ ಗಿಡದ ಎಲೆಗಳು, ಏನೇನೋ ಇದ್ದವು. ಅದನ್ನೆಲ್ಲ ಇಂಟರ್ನೆಟ್ಟಿನಲ್ಲಿ ಪ್ರದರ್ಶನಕ್ಕೆ ಇಡುತ್ತಾರಂತೆ. ಗೋಡೆಗೆ ಹಾಕಿದ್ದ ಹಳೆಯ ಫ್ರೇಮುಗಳನ್ನು ಬಿಚ್ಚಿಕೊಡಬೇಕು, ಕಂಪ್ಯೂಟರಿಗೆ ತೆಗೆದುಕೊಂಡ ಮೇಲೆ ಮತ್ತೆ ಕಟ್ಟಿ ಕೊಡಬೇಕು. ಇದು ನನ್ನ ಕೆಲಸ.

ಕೆಲಸ ಮಾಡಿಸುತ್ತಿದ್ದವರು ಇತಿಹಾಸದ ಒಬ್ಬ ಮೇಡಂ. ಪುಣೆ ಕಡೆಯವರು, ಮರಾಠಿ ಬಿಟ್ಟರೆ ಬೇರೆ ಬಾರದು, ಸಣ್ಣ ದನಿ, ಆದರೆ ಮಾತು ಖಡಕ್ಕು. ಅವರ ಜೊತೆ ಕಂಪ್ಯೂಟರ್ ಕಲಿಸುವ ಒಬ್ಬ ಮಾಸ್ತರ, ಸೊಲ್ಲಾಪುರದ ಕನ್ನಡದ ಹುಡುಗ, ಯಾವಾಗಲೂ ಚೇಷ್ಟೆ. ನನಗೆ ‘ಕಾಕಾ’ ಅನ್ನುತ್ತಿದ್ದ. ಮೇಡಂ ನನ್ನನ್ನು ‘ಫ್ರೇಮ್‌ವಾಲೆ’ ಅನ್ನುತ್ತಿದ್ದರು. ನನ್ನ ಹೆಸರು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ.

ಮೊದಲ ದಿನವೇ ಕೇಳಿದೆ, ‘ಫ್ರೇಮ್ ಇಲ್ಲದ ಪ್ರದರ್ಶನ ಎಂಥಾದ್ದೋ?’

‘ಕಾಕಾ, ಇದಕ್ಕ ಮೊಳಿ ಬ್ಯಾಡ, ಗ್ವಾಡಿ ಬ್ಯಾಡ. ಅಮೇರಿಕಾದಾಗ ಕುಂತವನೂ ನೋಡ್ತಾನ.’

‘ಧೂಳ ಯಾರು ಜಾಡಸ್ತಾರ?’

‘ಧೂಳೇ ಹತ್ತೂದಿಲ್ಲ!’

‘ಧೂಳ ಹತ್ತಲಾರದ್ದು ಬಾಳಿಕಿ ಬರೂದಿಲ್ಲ ಬಿಡು’ ಎಂದೆ. ಅವನು ನಕ್ಕ.

ಹಳೆಯ ಫ್ರೇಮ್ ಬಿಚ್ಚುವುದು ಅವಸರದ ಕೆಲಸವಲ್ಲ. ಹಿಂದಿನ ಕಾಗದ ನೆನೆಸಿ ತೆಗೆಯಬೇಕು, ತುಕ್ಕು ಹಿಡಿದ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಬೇಕು. ಫೋಟೊ ಗಾಜಿಗೆ ಅಂಟಿಕೊಂಡಿದ್ದರೆ ಕೀಳಲೇಬಾರದು, ಕಿತ್ತರೆ ಮುಖವೇ ಗಾಜಿನ ಜೊತೆ ಎದ್ದು ಬರುತ್ತದೆ. ಹಾಗೆ ಒಂದು ಮಧ್ಯಾಹ್ನ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನ ಒಂದು ಫೋಟೊದ ಗಾಜು ಎತ್ತಿದೆ. ಮುಂದೆ ಕುರ್ಚಿಗಳ ಮೇಲೆ ಪ್ರೊಫೆಸರರು, ಕೆಳಗೆ ಅಚ್ಚಿನಲ್ಲಿ ಅವರವರ ಹೆಸರು. ಹಿಂದೆ, ಸಾಲಿನ ಎರಡೂ ತುದಿಗೆ, ಇಬ್ಬರು ಜವಾನರು ನಿಂತಿದ್ದರು. ಅವರ ಕೆಳಗೆ ಖಾಲಿ.

ಎಡತುದಿಗೆ ನಿಂತವನು ತಲೆಯನ್ನು ತುಸು ಬಲಕ್ಕೆ ವಾಲಿಸಿದ್ದ, ದೂರದ ಸಪ್ಪಳ ಕೇಳುವವರ ಹಾಗೆ. ಮುಖ ಜೋಳದ ಕಾಳಿನಷ್ಟು. ಆದರೆ ಆ ತಲೆಯನ್ನು ನಾನು ಎಲ್ಲಿ ಕಂಡರೂ ಬಲ್ಲೆ. ನನ್ನ ಕೈಯಲ್ಲಿದ್ದ ಗಾಜನ್ನು ಮೇಜಿನ ಮೇಲಿಟ್ಟೆ.

‘ಮೇಡಂ, ಇವರು ನಮ್ಮಪ್ಪ’ ಎಂದೆ, ಮರಾಠಿಯಲ್ಲಿ.

ಅವರು ಎದ್ದು ಬಂದು ನೋಡಿದರು. ನಾನು ಹೆಸರು ಹೇಳಲು ಬಾಯಿ ತೆಗೆದೆ. ಅವರು ಕೈ ಅಡ್ಡ ಹಿಡಿದರು.

‘ಈಗ ಹೇಳಬೇಡಿ. ಮಂದ್ರೂಪದ ಒಂದು ಮನೆಯವರೂ ಇದೇ ಮನುಷ್ಯನನ್ನು ತಮ್ಮ ಅಜ್ಜ ಅನ್ನುತ್ತಾರೆ. ಅವರ ಕಡೆಯ ಒಬ್ಬ ಮುದುಕರು ಬಂದು ಹೆಸರು ಹೇಳಿ ಹೋಗಿದ್ದಾರೆ. ನಿಮಗೆ ಆಗ ಎಷ್ಟು ವಯಸ್ಸು? ಹುಡುಗರಿದ್ದಿರಿ. ಇವರನ್ನು ಚೆನ್ನಾಗಿ ನೋಡಿದವರು ಯಾರಾದರೂ ಇದ್ದಾರೆಯೇ?’

‘ನಮ್ಮವ್ವ ಇದ್ದಾಳೆ.’

‘ಅವರನ್ನು ಕರೆತನ್ನಿ. ನೀವು ಹತ್ತಿರ ಇರಬಾರದು. ಮನುಷ್ಯನನ್ನು ಅವರೇ ತೋರಿಸಬೇಕು, ಹೆಸರೂ ಅವರ ಬಾಯಿಂದಲೇ ಬರಬೇಕು. ನಾನು ಮೊದಲೇ ಕೇಳಿಸಿಕೊಂಡರೆ ನನ್ನ ಕಿವಿಗೆ ಅದೇ ಕೇಳುತ್ತದೆ.’

ನನಗೆ ಸಿಟ್ಟು ಬರಲಿಲ್ಲ. ಅಳತೆ ನೋಡದೆ ಗಾಜು ಕೊಯ್ಯದ ಹೆಂಗಸು ಎಂದು ಮನಸ್ಸಿನಲ್ಲೇ ಮೆಚ್ಚಿದೆ.

ಫೋಟೊದಿಂದ ಆ ಮುಖವನ್ನಷ್ಟೇ ದೊಡ್ಡದು ಮಾಡಿ ಮನೆಗೆ ಒಯ್ಯಬಹುದೇ ಎಂದು ಮಾಸ್ತರನನ್ನು ಕೇಳಿದೆ. ಅವನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ತೋರಿಸಿದ. ಹಿಗ್ಗಿದಷ್ಟೂ ಮುಖ ಕರಿ ಬಿಳಿ ಚೌಕಗಳಾಗುತ್ತ ಹೋಯಿತು. ಕಣ್ಣು ಯಾವುದು, ಮೀಸೆ ಯಾವುದು, ತಿಳಿಯದಾಯಿತು. ‘ಇದ್ದಷ್ಟರಾಗ ಇರಲಿ ಕಾಕಾ’ ಎಂದು ಮತ್ತೆ ಸಣ್ಣದು ಮಾಡಿದ. ಮುಖ ಮನೆಗೆ ಬರುವುದಿಲ್ಲ ಎನ್ನುವುದು ಖಾತ್ರಿಯಾಯಿತು. ಉಳಿದದ್ದು ಹೆಸರು. ಆ ಸಾಲಿನಲ್ಲಿ ಕುಳಿತವರಿಗೆಲ್ಲ ಹೆಸರಿದೆ, ಅಷ್ಟು ವರ್ಷ ಅವರಿಗೆಲ್ಲ ಹೊತ್ತು ತಿಳಿಸಿದವನಿಗೆ ಇಲ್ಲ. ಅದೊಂದು ಆಗಲೇಬೇಕು, ಅವ್ವ ಇರುವಾಗಲೇ ಆಗಬೇಕು ಎಂದು ಹಟ ಹುಟ್ಟಿತು.

ಅವ್ವನಿಗೆ ಹೇಳಿದೆ. ಮರುದಿನ ಮುಂಜಾನೆ ಟ್ರಂಕಿನ ಸೀರೆ ಉಟ್ಟು ತಯಾರಾಗಿ ಕೂತಿದ್ದಳು. ನನ್ನ ಹೆಂಡತಿ ಚಹಾ ಕೊಡುತ್ತ ಕೆಣಕಿದಳು.

‘ಅತ್ತಿ, ಮಾಂವಾರ್ನ ನೋಡಾಕ ಹೊಂಟೀರಿ. ನಾಚ್ಕಿ ಬರಾಕತ್ತದೇನು?’

‘ಸುಮ್ಕ ಕೂಡ್ರವಾ. ಬಾಯಿ ಬಾಳ ಆಗ್ಯಾದ ನಿಂದು.’

ಎಸ್ಟಿ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಕಿಡಕಿಯ ಹೊರಗೇ ನೋಡುತ್ತಿದ್ದಳು. ಒಂದು ಸಲ ಮಾತ್ರ, ‘ರುಮಾಲ ಸುತ್ಯಾರೇನು?’ ಎಂದು ಕೇಳಿದಳು. ಸುತ್ತಿದ್ದಾನೆ ಎಂದೆ.

ಕಾಲೇಜಿನಲ್ಲಿ ಮೇಡಂ ಅವಳನ್ನು ತಮ್ಮ ಕುರ್ಚಿಯ ಪಕ್ಕದಲ್ಲಿ ಕೂಡಿಸಿಕೊಂಡರು. ಸಂತೆಗೆ ಸಾಕಾಗುವಷ್ಟು ಮರಾಠಿ ಅವ್ವನಿಗೂ ಬರುತ್ತಿತ್ತು. ನನ್ನನ್ನು ಸಭಾಗೃಹಕ್ಕೆ ಕಳಿಸಿದರು, ಅಲ್ಲಿ ಎತ್ತರದಲ್ಲಿದ್ದ ಒಂದು ದೊಡ್ಡ ಪಟ ಇಳಿಸುವುದಿತ್ತು. ನಾನು ಏಣಿ ಹತ್ತಿ ಆ ಪಟದ ಹಗ್ಗ ಬಿಚ್ಚುತ್ತಿದ್ದಾಗ ಮೇಡಂ ಬಾಗಿಲಿಗೆ ಬಂದರು. ಮುಖ ಬೆಳಗಿತ್ತು.

‘ಫ್ರೇಮ್‌ವಾಲೆ, ನಿಮ್ಮ ಆಡನಾವ ಏನು?’

ಮನೆತನದ ಅಡ್ಡಹೆಸರು ಕೇಳಿದ್ದರು. ಏಣಿಯ ಮೇಲಿಂದಲೇ ಹೇಳಿದೆ. ಅವರು ಬರೆದುಕೊಂಡು ಹೋದರು. ಅಪ್ಪನ ಹೆಸರು ಕೇಳಲಿಲ್ಲವೆಂದರೆ ಅವ್ವ ಹೇಳಿರಬೇಕು ಎಂದುಕೊಂಡೆ. ಆಶ್ಚರ್ಯವೂ ಆಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದೆ, ‘ಹೆಂಗ ಹೇಳಿದಿ ಯವ್ವಾ? ಒಡಪು ಕಟ್ಟಿದೇನು ಮತ್ತ?’

‘ಒಡಪು ಹೇಳೂ ಹಣಿ ಅದ ಏನೋ ಇದು?’ ಎಂದು ಬರಿದಾದ ಹಣೆ ಮುಟ್ಟಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ತಾನೇ ಅಂದಳು, ‘ಭಾಳ ಚಲೋ ಹೆಣಮಗಳಪಾ. ಕೈ ಹಿಡದು ಕೇಳಿದ್ಳು. ಬೊಟ್ಟ ಇಟ್ಟ ತೋರ್ಸಿದೆ. ಹೆಂಗ ಕರೀತೀನೋ ಹಂಗ ಹೇಳಿದೆ.’

ನಾನು ಆ ಮಾತನ್ನು ಹಿಡಿಯಲಿಲ್ಲ. ಬಸ್ಸಿನ ಸದ್ದು, ಅವಳ ಮುಖದ ಮೇಲೆ ಎಂದೂ ಕಾಣದ ಒಂದು ಕಳೆ. ಸಾಕೆನಿಸಿತು.

ಪ್ರದರ್ಶನ ತೆರೆಯುವ ದಿನ ನಮ್ಮನ್ನೂ ಕರೆದಿದ್ದರು. ಕಂಪ್ಯೂಟರಿಗೆ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ದೊಡ್ಡವರೊಬ್ಬರು ಗುಂಡಿ ಒತ್ತಿದರು. ಕುಂಕುಮದ ಒಂದು ಬೊಟ್ಟು ಗಾಜಿನ ಮೇಲೂ ಬಿದ್ದಿತ್ತು. ಭಾಷಣ, ಚಿವಡಾ, ಚಹಾ. ಎಲ್ಲರೂ ಹೋದ ಮೇಲೆ ಮಾಸ್ತರ ನಮ್ಮನ್ನು ಕರೆದು ಕೂಡಿಸಿದ.

‘ಬರ್ರಿ ಅಜ್ಜಿ, ನಿಮ್ಮ ಮನಿಯವ್ರನ್ನ ಕರೀತೀನಿ.’

ಟೆಲಿಫೋನಿನ ತಂತಿಯಿಂದ ಚಿತ್ರ ಬರಬೇಕು. ಮೊದಲು ಆಕಾಶ ಬಂತು, ಆಮೇಲೆ ಕಾಲೇಜಿನ ಕಮಾನು. ನಿಂತಿತು. ಮತ್ತೆ ಒಂದು ಪಟ್ಟಿ ಇಳಿದು ರುಮಾಲು ಬಂತು. ಅವ್ವ ಮುಂದಕ್ಕೆ ಬಾಗಿದಳು. ಹಣೆ, ಕೋಟಿನ ಕಾಲರು, ಕುಳಿತವರ ಪಗಡಿಗಳು. ಕಟ್ಟಕಡೆಗೆ ಚಿತ್ರದ ಕೆಳಗೆ ಹೆಸರುಗಳು ಬಂದವು, ಮರಾಠಿಯಲ್ಲಿ.

ಎಡತುದಿಗೆ ನಿಂತವರು: ಕೈ., ಅದರ ಮುಂದೆ ನನ್ನ ಹೆಸರು, ಅದರ ಮುಂದೆ ನಮ್ಮ ಅಡ್ಡಹೆಸರು.

ಹೊಲದ ಬದುವಿನ ಮೇಲೆ ನಿಂತು ಅವ್ವ ಕೂಗುತ್ತಿದ್ದ ಹೆಸರು ಅದು. ಅವಳು ಸುಳ್ಳು ಹೇಳಿರಲಿಲ್ಲ. ಹುಟ್ಟಿದಂದಿನಿಂದ ನನ್ನ ಹೆಸರು ಅರ್ಧ ಅಪ್ಪನದೇ ಆಗಿತ್ತು. ಮೇಡಂಗೆ ನನ್ನ ಹೆಸರು ಗೊತ್ತಿರಲಿಲ್ಲ, ಅವ್ವನಿಗೆ ಬೇರೆ ಹೆಸರು ಬಾಯಿಗೆ ಬರುತ್ತಿರಲಿಲ್ಲ. ನಾನು ಸಾವಿರ ಸಲ ಬರೆದ ಅದೇ ‘ಕೈ.’ ಈಗ ನನ್ನ ಹೆಸರಿನ ಮೊದಲಿಗೆ ಕೂತಿತ್ತು.

‘ಬರದಾರೇನು?’ ಅವ್ವ ಕೇಳಿದಳು.

‘ಬರದಾರ.’

‘ಓದು ಮತ್ತ. ನಂಗೆಲ್ಲಿ ಓದಾಕ ಬರ್ತದ?’

ನಾನು ಅಪ್ಪನ ಹೆಸರು ಓದಿದೆ. ಪರದೆಯ ಮೇಲೆ ಇಲ್ಲದ ಹೆಸರನ್ನು, ಕಣ್ಣು ಪರದೆಯ ಮೇಲೇ ಇಟ್ಟು, ಒಂದೊಂದೇ ಅಕ್ಷರ ಬಿಡಿಸಿದವನ ಹಾಗೆ ಓದಿದೆ. ನಮ್ಮ ಮನೆಯಲ್ಲಿ ಆ ಹೆಸರು ಗಟ್ಟಿಯಾಗಿ ಕೇಳಿಬಂದು ಎಷ್ಟು ಕಾಲವಾಗಿತ್ತೋ. ಅವ್ವ ಸೆರಗನ್ನು ಹಣೆಯವರೆಗೆ ಎಳೆದುಕೊಂಡಳು. ಹೊಸ ಸೊಸೆ ಎಳೆದುಕೊಂಡಂತೆ.

‘ಚಂದ ಬರದಾರ’ ಎಂದಳು.

ಮಾಸ್ತರ ಪರದೆ ನೋಡಿದ, ನನ್ನ ಮುಖ ನೋಡಿದ. ‘ಅಜ್ಜಿ, ಹೊರಗ ಗಾಳ್ಯಾಗ ಕೂಡ್ರಿ ಬರ್ರಿ’ ಎಂದು ಅವಳನ್ನು ವರಾಂಡಕ್ಕೆ ಕರೆದುಕೊಂಡು ಹೋದ. ಆಮೇಲೆ ಮೇಡಂ ಅವರನ್ನು ಕರೆತಂದ.

ಅದು ಅಪ್ಪನದಲ್ಲ, ನನ್ನ ಹೆಸರು ಎಂದು ಕೇಳಿದ ಮೇಲೆ ಮೇಡಂ ಕುರ್ಚಿ ಹಿಡಿದು ಕೂತುಬಿಟ್ಟರು. ‘ನನ್ನ ಅಜ್ಜಿಯೂ ಅಜ್ಜನ ಹೆಸರು ಹೇಳುತ್ತಿರಲಿಲ್ಲ. ನನಗೆ ಹೊಳೆಯಬೇಕಿತ್ತು’ ಎಂದರು. ಆಮೇಲೆ, ‘ನಿಮ್ಮ ಹೆಸರು ತೆಗೆಸುತ್ತೇನೆ’ ಎಂದರು.

‘ತೆಗೆದು ಅಪ್ಪನ ಹೆಸರು ಹಾಕಿರಿ.’

ಅವರು ನೆಲ ನೋಡಿದರು. ‘ಮಂದ್ರೂಪದವರು ಬಂದು ಕೇಳಿದರೆ ನಾನು ಏನು ಹೇಳಲಿ? ಆ ತಾಯಿ ಇದೇ ಮನುಷ್ಯನನ್ನು ತೋರಿಸಿದರು, ಆದರೆ ಹೇಳಿದ ಹೆಸರು ಬೇರೆ. ಅದು ನನ್ನ ಕೈಬರಹದಲ್ಲೇ ಇದೆ.’

‘ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರಿದೆ. ತರಲೇ?’

‘ಹೆಸರು ಇರುತ್ತದೆ. ಈ ಮುಖ ಅವರದು ಎಂದು ಕಾರ್ಡು ಹೇಳುವುದಿಲ್ಲವಲ್ಲ. ಇನ್ನೊಮ್ಮೆ ಅಮ್ಮನನ್ನು ಕರೆತನ್ನಿ. ಅವರು ಹೇಳುವುದೂ ಬೇಡ. ನಾನು ಹೆಸರು ಓದುತ್ತೇನೆ, ಅವರು ತಲೆ ಆಡಿಸಿದರೆ ಸಾಕು. ಎರಡನ್ನೂ ಒಂದೇ ಸಲ ತಿದ್ದಿಸುತ್ತೇನೆ.’

ಅದು ನ್ಯಾಯದ ಮಾತೇ. ನಾನು ಹೂಂ ಎಂದೆ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

‘ಆ ಮೇಡಂಗ ಹೇಳ್ರಿ, ನನ್ನ ತಾಳಿ ಇನ್ನಾ ನನ್ನ ಕೊರಳಾಗ ಅದ ಅಂತ!’

‘ಸಾವಕಾಶ. ಅವ್ವ ಕೇಳ್ತಾಳ.’

‘ಕೇಳಿದ್ರ ಆ ಜೀವ ಉಳೀತದೇನ್ರಿ? ತನ್ನ ನಾಲಿಗಿಲೆ ತನ್ನ ಮಗನ್ನ ಸತ್ತವರಾಗ ಸೇರಿಸಿದ್ನೆಲ್ಲ ಅಂತ ಕೊರಗೂದಿಲ್ಲೇನು?’

ಆದರೂ ಒಂದು ದಿನ ಅವ್ವ ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಾಗ ಹತ್ತಿರ ಹೋಗಿ ಮಾತು ತೆಗೆದೆ.

‘ಯವ್ವಾ, ಆ ಮೇಡಂ ಇನ್ನೊಮ್ಮೆ ಬಾ ಅಂತಾರ. ಅಪ್ಪನ ಸಲುವಾಗಿ ಒಂದ ಮಾತ ಕೇಳೂದದಂತ.’

ಅವಳ ಕೈ ನಿಂತಿತು. ‘ಯಾಕ? ಎಲ್ಲಾ ಬರದಾರಲ್ಲ? ನೀ ಓದಿದೆಲ್ಲ?’

‘ಓದಿದೆ.’

‘ಮತ್ತ ಏನರ ತಪ್ಪಾಗ್ಯಾದೇನು? ನಾ ಏನರ ತಪ್ಪ ಹೇಳಿದ್ನೇನು?’

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಕಣ್ಣಿಗೆ ಪೊರೆ ಬಂದಿತ್ತು, ಆದರೆ ನನ್ನ ಮುಖ ಓದಲು ಅವಳಿಗೆ ಕಣ್ಣು ಬೇಕಾಗಿರಲಿಲ್ಲ. ಕರೆದುಕೊಂಡು ಹೋದರೆ ಮೇಡಂ ಹೆಸರು ಓದುತ್ತಾರೆ, ಹಾಗಾದರೆ ಆವತ್ತು ಅಲ್ಲಿ ಏನು ಬರೆದಿತ್ತು ಎಂದು ಇವಳು ಕೇಳುತ್ತಾಳೆ. ಕೇಳದೆ ಬಿಡುವವಳಲ್ಲ.

‘ಇಲ್ಲ ಬಿಡು. ಚಹಾಕ್ಕ ಕರದಾರ ಅಷ್ಟ’ ಎಂದೆ.

‘ನಂಗ ಬಸ್ಸಿನ ಧಕ್ಕಿ ತಡಿಯಂಗಿಲ್ಲಪಾ. ನೀನ ಹೋಗಿ ಬಾ’ ಎಂದು ಮತ್ತೆ ಶೇಂಗಾಕ್ಕೆ ಕೈ ಹಾಕಿದಳು.

ನಾನೊಬ್ಬನೇ ಹೋದೆ. ಅವ್ವ ಬರುವುದಿಲ್ಲ ಎಂದೆ. ಮೇಡಂ ಮಾಸ್ತರನಿಗೆ ಸನ್ನೆ ಮಾಡಿದರು. ಆ ಕಂಪ್ಯೂಟರಿಗೆ ಮರಾಠಿ ಅಕ್ಷರ ನೇರವಾಗಿ ಬರುತ್ತಿರಲಿಲ್ಲವಂತೆ, ಅದಕ್ಕೆ ಹೆಸರುಗಳನ್ನೂ ಒಂದು ಚಿತ್ರ ಮಾಡಿ ಅಂಟಿಸಿದ್ದರು. ಅವನು ಆ ಪಟ್ಟಿಯನ್ನು ತೆರೆದು, ರಬ್ಬರಿನಂಥ ಒಂದು ಗುರುತಿನಿಂದ ನನ್ನ ಹೆಸರನ್ನು ಒಂದೊಂದು ಅಕ್ಷರವಾಗಿ ಒರೆಸಿದ. ಮೊದಲು ‘ಕೈ.’ ಹೋಯಿತು, ಆಮೇಲೆ ನಾನು ಹೋದೆ, ಆಮೇಲೆ ಮನೆತನ ಹೋಯಿತು. ಬಿಳಿ ಉಳಿಯಿತು. ಆ ಜಾಗದಲ್ಲಿ ‘ಸೇವಕ’ ಎಂದು ಕೂಡಿಸಿದ. ಬಲತುದಿಯವನಿಗೂ ಅದೇ.

‘ಕಾಕಾ, ನೀವು ಉಳಕೊಂಡ್ರಿ’ ಎಂದು ನಗಿಸಲು ನೋಡಿದ. ನನಗೆ ನಗು ಬರಲಿಲ್ಲ, ಅವನಿಗೂ ಬರಲಿಲ್ಲ.

ಫೋಟೊ ಮತ್ತೆ ಫ್ರೇಮಿಗೆ ಹಾಕುವ ಕೆಲಸ ಉಳಿದಿತ್ತು. ಹೊಸ ಗಾಜು ಕೊಯ್ದು, ಗಾಜಿಗೂ ಫೋಟೊಕ್ಕೂ ನಡುವೆ ತೆಳ್ಳನೆಯ ರಟ್ಟಿನ ಪಟ್ಟಿ ಕೊಟ್ಟು, ಇನ್ನು ಮುಂದೆ ಮುಖ ಅಂಟದ ಹಾಗೆ ಕೂಡಿಸಿದೆ. ಹಿಂದಿನ ರಟ್ಟಿಗೆ ಮೊಳೆ ಹೊಡೆಯುವ ಮೊದಲು ಕಿವಿಯ ಮೇಲಿನ ಪೆನ್ಸಿಲು ಕೈಗೆ ಬಂತು. ಒಳಗಡೆ ಬರೆದರೆ ಯಾರಿಗೂ ಕಾಣುವುದಿಲ್ಲ. ಬರೆಯಲಿಲ್ಲ. ಬೇರೆಯವರ ವಸ್ತುವಿನ ಮೇಲೆ ಕದ್ದು ಬರೆಯುವುದು ನನ್ನ ಕಸುಬಲ್ಲ. ಅಪ್ಪನದೂ ಆಗಿರಲಿಲ್ಲ. ಮೊಳೆ ಹೊಡೆದು, ಗೋಡೆಗೆ ಹಾಕಿ, ಫ್ರೇಮ್ ವಾಲಿದೆಯೇ ಎಂದು ದೂರ ನಿಂತು ನೋಡಿ ಬಂದೆ.

ಅವ್ವ ಅದಾದ ಮೇಲೆ ಬಹಳ ದಿನ ಇರಲಿಲ್ಲ. ಇದ್ದಷ್ಟು ದಿನ ಓಣಿಯ ಹೆಂಗಸರಿಗೆ ಒಂದೇ ಮಾತು, ‘ನಮ್ಮವರ ಹೆಸರ ಕಂಪ್ಯೂಟರದಾಗ ಬರದಾರವಾ. ಮಗ ನನ್ನ ಮುಂದ ಕೂತು ಓದ್ಯಾನ.’ ಯಾರಾದರೂ, ‘ಏನಂತ ಬರದಾರ ಆಯಿ, ಹೇಳ ನೋಡೂಣು ಒಂದ ಸಲ’ ಎಂದು ಚೇಷ್ಟೆ ಮಾಡಿದರೆ, ‘ಹೋಗ್ರೇ’ ಎಂದು ಸೆರಗು ಬಾಯಿಗೆ ಹಿಡಿಯುತ್ತಿದ್ದಳು. ನಾನು ಅಂಗಡಿಯಲ್ಲಿ ಕೂತು ಗಾಜು ಒರೆಸುತ್ತಿದ್ದೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದೆ.

ಅವಳು ಹೋದ ವರ್ಷವೇ ಮೇಡಂಗೆ ವರ್ಗವಾಯಿತು. ಮಾಸ್ತರ ಪುಣೆಗೆ ಹೋದ. ಒಮ್ಮೆ ಸೊಲ್ಲಾಪುರಕ್ಕೆ ಹೋದಾಗ ಆ ಕೋಣೆಗೆ ಹೋಗಿ, ಹೊಸದಾಗಿ ಬಂದವರನ್ನು ಆ ಪ್ರದರ್ಶನ ತೋರಿಸಿ ಎಂದು ಕೇಳಿದೆ. ಒತ್ತಿದರು, ಕಾದರು. ಅಂಥ ಪುಟ ಸಿಗುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬಂತು. ಸೇವಕನೂ ಇಲ್ಲ, ಕುರ್ಚಿಯ ಮೇಲಿನವರೂ ಇಲ್ಲ. ಧೂಳು ಹತ್ತದ್ದರ ಬಗ್ಗೆ ನಾನಾಡಿದ ಮಾತು ನೆನಪಾಯಿತು. ಸಮಾಧಾನವೇನೂ ಆಗಲಿಲ್ಲ. ವರಾಂಡದ ಗೋಡೆಯ ಮೇಲೆ ನಾನು ಕಟ್ಟಿದ ಫ್ರೇಮ್ ಇತ್ತು. ಅಪ್ಪ ತಲೆ ವಾಲಿಸಿಕೊಂಡು ನಿಂತಿದ್ದ, ಕೆಳಗೆ ಖಾಲಿ.

ಅವ್ವನದೊಂದು ಫೋಟೊ ಇತ್ತು, ಮೊಮ್ಮಗಳ ಹುಟ್ಟುಹಬ್ಬಕ್ಕೆ ತೆಗೆದದ್ದು. ಅದಕ್ಕೆ ನಾನೇ ಫ್ರೇಮ್ ಕಟ್ಟಿದೆ. ಕೆಳಗಿನ ಪಟ್ಟಿಯ ಮೇಲೆ ಹೆಸರು ಬರೆಯಲು ಕೂತೆ. ನಮ್ಮ ಕಡೆ ಹೆಂಗಸರ ಹೆಸರು ಬರೆಯುವ ಪದ್ಧತಿ ಹೀಗೆ: ಮೊದಲು ಅವರ ಹೆಸರು, ನಡುವೆ ಗಂಡನ ಹೆಸರು, ಕೊನೆಗೆ ಅಡ್ಡಹೆಸರು. ‘ಕೈ.’ ಬರೆದೆ. ಅವ್ವನ ಹೆಸರು ಬರೆದೆ. ಮುಂದಿನದು ಅಪ್ಪನ ಹೆಸರು. ಕುಂಚವನ್ನು ಮತ್ತೆ ಬಣ್ಣಕ್ಕೆ ಅದ್ದಿದೆ. ಅಂಗಡಿಯ ಮುಂದೆ ನಿಂತಿದ್ದ ಗಿರಾಕಿಯೊಬ್ಬರು ತಮ್ಮ ಸ್ವಾಮಿಗಳ ಪಟ ಆಯಿತೇ ಎಂದು ಕೇಳಿದರು.

‘ಸ್ವಲ್ಪ ತಡೀರಿ’ ಎಂದೆ. ‘ಒಂದು ಹೆಸರು ಬರೆಯುವುದಿದೆ.’